ಗ್ರಾಫೀನ್‌ಗೇ ಪೇಟೆಂಟ್ ಹಾಕಬಹುದಾ?

ನಿಮ್ಮ ಲ್ಯಾಬಿನಲ್ಲಿ ಗ್ರಾಫೀನ್ (ಒಂದು ಅಥವಾ ಕೆಲವೇ ಪರಮಾಣು ಪದರಗಳಷ್ಟು ತೆಳುವಾದ ಇಂಗಾಲದ ಹಾಳೆ) ಮಾಡುವ ಹೊಸ ವಿಧಾನ ಸಿಕ್ಕಿದೆ, ಆ ಗ್ರಾಫೀನ್‌ಗೇ ಪೇಟೆಂಟ್ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು, ದಕ್ಕಿಸಿಕೊಳ್ಳೋದು ಕಷ್ಟ. ವಿಧಾನಕ್ಕೆ ಹಾಕಿ. ವಸ್ತುವಿಗೇ ಹಾಕಲು ಹೋಗಿ ಕೈ ಸುಟ್ಟುಕೊಂಡವನು ನಾನು.

ನಮ್ಮ ಕ್ಲೇಮಿನಲ್ಲಿ, ಅಂದರೆ ಅರ್ಜಿಯಲ್ಲಿ 'ಇಷ್ಟು ನಮ್ಮದು' ಅಂತ ಹಕ್ಕು ಕೇಳುವ ಭಾಗದಲ್ಲಿ, 'ದಪ್ಪ 3 ನ್ಯಾನೋಮೀಟರ್‌ಗಿಂತ ಕಡಿಮೆ' ಅಂತ ಬರೆದಿದ್ದೆವು. ಖಡಕ್ ಸಂಖ್ಯೆ, ಅಲ್ವಾ? ಪೇಟೆಂಟ್ ಕಚೇರಿಯ ಪರೀಕ್ಷಕರು ಕೇಳಿದ್ದು ಒಂದೇ ಮಾತು: ಯಾವುದರಲ್ಲಿ ಅಳೆದಿರಿ? ಲೆಕ್ಕದ ಪ್ರಕಾರ ಒಂದು ಪದರಕ್ಕೆ ಸುಮಾರು 0.34 ನ್ಯಾನೋಮೀಟರ್. ಅದೇ ಪದರವನ್ನು ಸಿಲಿಕಾ ಮೇಲೆ ಕೂರಿಸಿ ಎಎಫ್‌ಎಂ (ಮೇಲ್ಮೈಯನ್ನು ಸೂಜಿಯಿಂದ ತಡವಿ ಎತ್ತರ ಅಳೆಯುವ ಸೂಕ್ಷ್ಮದರ್ಶಕ) ಸೂಜಿ ಓಡಿಸಿದರೆ 0.8, ಕೆಲವು ಸಲ 1 ಅಂತ ಬರುತ್ತದೆ, ಯಾಕಂದ್ರೆ ಅಡಿಯಲ್ಲಿ ನೀರಿನ ತೆಳುಪೊರೆ ಸಿಕ್ಕಿಕೊಂಡಿರುತ್ತದೆ, ಸೂಜಿಯ ಸೆಳೆತವೂ ಹಾಳೆಯ ಮೇಲೆ ಒಂದು ಥರ, ಸಿಲಿಕಾ ಮೇಲೆ ಇನ್ನೊಂದು ಥರ. ಈ ಹೆಚ್ಚಳ ತೀರಾ ಅಡಿಯ ಪದರಕ್ಕೆ ಮಾತ್ರ. ಹಾಗಾದರೆ ನಮ್ಮ 3 ಅಂದ್ರೆ ಏಳು ಪದರವೋ ಒಂಬತ್ತೋ? ಸಾಲದ್ದಕ್ಕೆ ಸೀಸೆಯಲ್ಲಿ ಕೋಟಿಗಟ್ಟಲೆ ಚೂರುಗಳು, ನಾವು ಅಳೆದದ್ದು ಐವತ್ತು ಚಿಲ್ಲರೆ. ಅಳತೆಯ ವಿಧಾನ ಅರ್ಜಿಯಲ್ಲಿ ಬರೆದಿರಲಿಲ್ಲ. ಸಲ್ಲಿಸಿದ ಮೇಲೆ ಹೊಸ ವಿಷಯ ಸೇರಿಸುವಂತಿಲ್ಲ. ಕ್ಲೇಮು ಬಿದ್ದೇಹೋಯಿತು.

ಹಳೆಯ ಪೇಪರುಗಳ ಕಾಟ ಬೇರೆ. ಭೌತವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್‌ಗೆ ಟೇಪ್ ಅಂಟಿಸಿ ಕಿತ್ತು ಗ್ರಾಫೀನ್ ತೋರಿಸಿದ್ದು 2004ರಲ್ಲಿ. ಆದರೆ ಬೋಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು 1962ರಲ್ಲೇ ಅಷ್ಟು ತೆಳುವಾದ ಇಂಗಾಲದ ಹಾಳೆ ನೋಡಿದ್ದರು. ಬೋರ್ ಜಾಂಗ್ ಅವರ ತಂಡ ನ್ಯಾನೋ ಗ್ರಾಫೀನ್ ಫಲಕಗಳಿಗೆ ಅಮೆರಿಕದಲ್ಲಿ ಅರ್ಜಿ ಹಾಕಿದ್ದು 2002ರಲ್ಲಿ, ಅಂದರೆ ಟೇಪಿನ ಕತೆಗಿಂತ ಮುಂಚೆ! 2006ರಲ್ಲಿ ಪೇಟೆಂಟೂ ಸಿಕ್ಕಿತು. ಯಾರೋ ಹಿಂದೆ ಗ್ರಾಫೈಟ್ ಅರೆದಿದ್ದರೆ, ಅದರಲ್ಲಿ ತೆಳು ಹಾಳೆ ಇತ್ತು ಅಂತ ಅವರಿಗೇ ಗೊತ್ತಿರದಿದ್ದರೂ, ನಿಮ್ಮದು ಹೊಸದಲ್ಲ ಅಂತ ವಾದಿಸಲು ಅಷ್ಟು ಸಾಕು.

ಗೈಮ್ ಅಂತೂ ಪೇಟೆಂಟೇ ಹಾಕಲಿಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯವರೊಬ್ಬರನ್ನು ಮೊದಲೇ ವಿಚಾರಿಸಿದ್ದರಂತೆ. ಈ ವಸ್ತು ನಿಜಕ್ಕೂ ಕೆಲಸಕ್ಕೆ ಬಂದರೆ ನೂರು ವಕೀಲರನ್ನು ಕೂರಿಸಿ ದಿನಕ್ಕೆ ನೂರು ಪೇಟೆಂಟ್ ಬರೆಸುತ್ತೇವೆ, ನೀವು ಜೀವನಪೂರ್ತಿ ಕೇಸು ಆಡಿಕೊಂಡಿರಬೇಕಾಗುತ್ತದೆ ಎಂಬರ್ಥದ ಉತ್ತರ ಬಂತು.

ವಿಧಾನದ ಪೇಟೆಂಟಿಗೂ ಒಂದು ತೊಡಕಿದೆ. ಬೇರೆಯವರು ನಿಮ್ಮ ವಿಧಾನದಲ್ಲೇ ಮಾಡಿ ಪ್ಲಾಸ್ಟಿಕ್‌ಗೆ ಬೆರೆಸಿ ಮಾರಿದರೆ ಹೇಗೆ ಹಿಡಿಯುತ್ತೀರಿ? ನಿಮ್ಮ ವಿಧಾನ ಹಾಳೆಯಲ್ಲಿ ಏನಾದರೂ ಗುರುತು ಬಿಡುತ್ತದಾ ನೋಡಿ, ರಾಮನ್ ರೋಹಿತದಲ್ಲೋ (ಬೆಳಕು ಚೆದುರುವ ರೀತಿಯಿಂದ ವಸ್ತುವನ್ನು ಗುರುತಿಸುವ ಪರೀಕ್ಷೆ) ಅಂಚಿನಲ್ಲಿ ಉಳಿದ ಆಮ್ಲಜನಕದಲ್ಲೋ. ಇದ್ದರೆ ಅದನ್ನು ಅಳತೆಯ ವಿಧಾನದ ಸಮೇತ ಬರೆಯಿರಿ. ಏನೂ ಗುರುತಿಲ್ಲದಿದ್ದರೆ ಸುಮ್ನೆ ಗುಟ್ಟಾಗಿಟ್ಟುಕೊಳ್ಳೋದೇ ವಾಸಿ ಅನ್ನಿಸುತ್ತದೆ ನನಗೆ.

ಅಂದಹಾಗೆ, ಇದನ್ನು ಯಾವುದಾದರೂ ಸಮ್ಮೇಳನದಲ್ಲಿ ಪೋಸ್ಟರ್ ಹಾಕಿಬಿಟ್ಟಿಲ್ಲ ತಾನೇ? ಹಾಕಿದ್ದರೆ ಅರ್ಜಿ ಸಲ್ಲಿಸಲು ಅಮೆರಿಕದಲ್ಲಿ ಒಂದು ವರ್ಷ ಟೈಮ್ ಕೊಡುತ್ತಾರೆ, ಯುರೋಪಿನಲ್ಲಿ ಒಂದು ದಿನವೂ ಇಲ್ಲ.