ಸೂರಿನಲ್ಲಿ ಕಣಜದ ಗೂಡು: ತೆಗೆಯಬೇಕಾ, ಬಿಡಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಣಜದ ಬಗ್ಗೆಯೇ ಇದ್ದವು. ಕೆಲವರು ಕಡಜ ಎಂದು ಬರೆದಿದ್ದಾರೆ, ಕೆಲವರು ಸುಮ್ನೆ "ಹಳದಿ ಹುಳ" ಎಂದಿದ್ದಾರೆ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲ ಉತ್ತರ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಪ್ರಶ್ನೆ: ಬಾಲ್ಕನಿಯ ಮೂಲೆಯಲ್ಲಿ ಕಣಜ ಗೂಡು ಕಟ್ಟಿದೆ. ಅಂಗೈ ಅಗಲ ಇದೆ, ಇಪ್ಪತ್ತು ಹುಳ ಇರಬಹುದು. ಮನೆಯಲ್ಲಿ ಮೂರು ವರ್ಷದ ಮಗು ಇದೆ. ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಹಾಕಿ ಸುಟ್ಟುಬಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಸರೀನಾ ಸರ್?

ಖಂಡಿತ ಬೇಡ. ಕಣಜದ ಗೂಡು ಅಂದರೆ ಕಾಗದ. ಹುಳ ಒಣ ಮರವನ್ನು ಕೆರೆದು, ಜಗಿದು, ಎಂಜಲಿನಲ್ಲಿ ಕಲಸಿ ತೆಳ್ಳಗೆ ಮೆತ್ತುತ್ತಾ ಹೋಗುತ್ತದೆ. (ಇದನ್ನೇ ನೋಡಿ ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ 1719ರಲ್ಲಿ, ಮರದಿಂದಲೂ ಕಾಗದ ಮಾಡಬಹುದಲ್ಲ ಎಂದು ಹೇಳಿದ್ದರು. ಆಗ ಅಲ್ಲಿ ಹಳೇ ಬಟ್ಟೆಯ ಚಿಂದಿಯಿಂದ ಕಾಗದ ಮಾಡುತ್ತಿದ್ದರು.) ಅಂಥ ಗೂಡಿಗೆ ಬೆಂಕಿ ಇಟ್ಟರೆ ಧಗ್ ಅಂತ ಹತ್ತಿಕೊಳ್ಳುತ್ತದೆ, ಉರಿಯುವ ಚೂರು ಕೆಳಗೆ ಬೀಳುತ್ತದೆ, ಪರದೆಗೋ ವೈರಿಗೋ ಸೂರಿನ ಮರಕ್ಕೋ ತಗಲುತ್ತದೆ. ಅಷ್ಟರಲ್ಲಿ ಬದುಕಿಕೊಂಡ ಹುಳಗಳು ಎದ್ದು ನಿಮ್ಮ ಮುಖಕ್ಕೇ ಬಂದಿರುತ್ತವೆ. ಕಲ್ಲು ಹೊಡೆಯುವುದು, ಪೈಪಿನಿಂದ ನೀರು ಬಿಡುವುದು ಕೂಡ ಇದೇ ಸಾಲಿನವು. ಹೊಗೆಗೆ ಜೇನುಹುಳ ಸ್ವಲ್ಪ ತಣ್ಣಗಾಗುತ್ತದೆ ನಿಜ, ಆದರೆ ಕಣಜದ ಹತ್ತಿರ ಅದನ್ನು ನಂಬಿ ಕೈ ಹಾಕಬೇಡಿ.

ಏನು ಹೊಡೆಯಲಿ ಎಂದು ಹುಡುಕುವ ಮೊದಲು, ಅದು ಯಾವುದರ ಗೂಡು ಎಂದು ನೋಡಿ. ನನಗೆ ಇದೊಂದೇ ಮಾತು ಎಲ್ಲರಿಗೂ ಮುಟ್ಟಿಸಬೇಕು ಅನ್ನಿಸುತ್ತದೆ. ಹತ್ತಿರ ಹೋಗಬೇಕಿಲ್ಲ, ನಾಲ್ಕೈದು ಮೀಟರ್ ದೂರ ನಿಂತು ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೋ ತೆಗೆದರೆ ಸಾಕು. ಸಣ್ಣ ತೊಟ್ಟಿನಿಂದ ನೇತಾಡುತ್ತಾ, ಬಿಚ್ಚಿದ ಕೊಡೆಯ ಹಾಗಿದ್ದು, ಕೆಳಗಿನಿಂದ ಕೋಣೆಗಳೆಲ್ಲ ತೆರೆದು ಕಾಣುತ್ತಿದ್ದರೆ ಅದು ಸಾಮಾನ್ಯ ಕಾಗದದ ಕಣಜ. ನಿಮ್ಮದು ಇದೇ ಇರಬೇಕು. ಇವುಗಳ ಸಂಸಾರ ಚಿಕ್ಕದು, ಹತ್ತಾರು ಹುಳ, ಜಾಸ್ತಿ ಅಂದರೆ ನೂರರ ಆಸುಪಾಸು. ಗೂಡಿನ ಹತ್ತಿರ ಅಲುಗಾಡಿಸದಿದ್ದರೆ ತಾವಾಗಿ ಬಂದು ಕಚ್ಚುವುದು ಅಪರೂಪ. ಚೆಂಡಿನ ಹಾಗೆ ಸುತ್ತಲೂ ಹೊದಿಕೆ ಇದ್ದು, ಒಂದೇ ತೂತಿನಿಂದ ದೊಡ್ಡ ದೊಡ್ಡ ಹುಳ ಹೊರಗೆ ಬರುತ್ತಿದ್ದರೆ ಕಥೆಯೇ ಬೇರೆ. ಅದರೊಳಗೆ ನೂರಾರು ಇರುತ್ತವೆ, ಅದನ್ನು ನೀವು ಮುಟ್ಟಲೇಬೇಡಿ. ಇನ್ನು ಮೇಣದ ಹಲ್ಲೆ, ಮೈತುಂಬ ನವಿರು ಕೂದಲಿನ ಹುಳ ಕಂಡರೆ ಅದು ಜೇನು. ಕಣಜ ಅಂದುಕೊಂಡು ಜೇನಿಗೆ ಔಷಧಿ ಹೊಡೆದವರನ್ನು ತುಂಬಾ ನೋಡಿದ್ದೇನೆ, ಪ್ರತಿ ಸಲವೂ ಸಂಕಟ ಆಗುತ್ತದೆ. ಜೇನು ಸಾಕುವವರನ್ನು ಕರೆದರೆ ಎಷ್ಟೋ ಸಲ ಅವರೇ ಜೀವಂತವಾಗಿ ತೆಗೆದುಕೊಂಡು ಹೋಗುತ್ತಾರೆ.

ಈಗ ನಿಮ್ಮ ಗೂಡಿಗೆ ಬರೋಣ. ಯಾರೂ ಓಡಾಡದ ಕಡೆ, ಎತ್ತರದಲ್ಲಿ ಇದ್ದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದೆ. ಕಣಜ ತನ್ನ ಮರಿಗಳಿಗೆ ಗಿಡ ತಿನ್ನುವ ಕಂಬಳಿಹುಳ, ನೊಣಗಳನ್ನು ಹಿಡಿದು ಅಗಿದು ತಿನ್ನಿಸುತ್ತದೆ. ಕೈತೋಟ ಇರುವವರಿಗೆ ಅದು ದೊಡ್ಡ ಉಪಕಾರ. ಆದರೆ ಮಗು ಆಡುವ ಬಾಲ್ಕನಿ ಅಂದ ಮೇಲೆ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೀಟ ನಿಯಂತ್ರಣದ ಕೆಲಸ ಗೊತ್ತಿರುವವರನ್ನು ಕರೆಯುವುದೇ ಒಳ್ಳೆಯದು. ಅವರು ಬರುವ ತನಕ ಆ ಬಾಗಿಲು ಮುಚ್ಚಿಡಿ.

ನೀವೇ ಮಾಡುತ್ತೀರಿ ಎಂದಾದರೆ, ಮನೆಯಲ್ಲಿ ಯಾರಿಗಾದರೂ ಹಿಂದೆ ಹುಳ ಕಚ್ಚಿ ಮೈಯೆಲ್ಲ ದದ್ದು ಎದ್ದಿದ್ದೋ ಉಸಿರು ಕಟ್ಟಿದ್ದೋ ಉಂಟಾ, ಮೊದಲು ಅದನ್ನು ನೆನಪು ಮಾಡಿಕೊಳ್ಳಿ. ಅಂಥವರು ಆ ಹೊತ್ತಿಗೆ ಅಲ್ಲಿ ಇರಲೇಬಾರದು. ಕತ್ತಲಾಗಿ ಒಂದೆರಡು ಗಂಟೆ ಕಳೆಯಲಿ, ಆಗ ಹುಳಗಳೆಲ್ಲ ಗೂಡಿಗೆ ಬಂದು ಕೂತಿರುತ್ತವೆ, ಚುರುಕೂ ಕಡಿಮೆ. ಉದ್ದ ತೋಳಿನ ದಪ್ಪ ಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಕಣಜಕ್ಕೆಂದೇ ಬರುವ, ಮೂರು ನಾಲ್ಕು ಮೀಟರ್ ದೂರಕ್ಕೆ ಚಿಮ್ಮುವ ಸ್ಪ್ರೇ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಬರೆದಿರುವುದನ್ನು ಹಗಲಲ್ಲೇ ಓದಿಕೊಳ್ಳಿ. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುತ್ತಿರಬೇಕು, ಹಿಂದಕ್ಕೆ ಹೋಗುವ ದಾರಿ ಖಾಲಿ ಇರಬೇಕು. ಹೊಡೆದ ಕೂಡಲೇ ಒಳಗೆ ಬಂದು ಬಾಗಿಲು ಹಾಕಿ. ಮಾರನೇ ದಿನ ಹಗಲು ನೋಡಿ, ಒಂದು ಹುಳವೂ ಓಡಾಡದಿದ್ದರೆ ಮಾತ್ರ ಉದ್ದ ಕೋಲಿನಿಂದ ಗೂಡು ಕೆಡವಿ, ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ. ಇನ್ನೂ ಹುಳ ಕಂಡರೆ ರಾತ್ರಿ ಮತ್ತೊಮ್ಮೆ ಹೊಡೆಯಬೇಕು.

ಈ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧಿ. ಮೀನಿಗೆ ಇದು ತುಂಬಾ ವಿಷ, ಇದೇ ಗುಂಪಿನ ಪರ್ಮೆಥ್ರಿನ್ ಬೆಕ್ಕಿಗೂ ಆಗುವುದಿಲ್ಲ. ಮೀನಿನ ತೊಟ್ಟಿ ಇದ್ದರೆ ಮುಚ್ಚಿ, ಬೆಕ್ಕನ್ನು ಒಳಗೆ ಕೂಡಿಹಾಕಿ, ಆಮೇಲೆ ನೆಲ ಒರೆಸಿ. ಸ್ಪ್ರೇಗೆ ಬೆಂಕಿ ಹತ್ತುವುದೂ ಉಂಟು. ಹಾಗಾಗಿ ಮೀಟರ್ ಬೋರ್ಡ್, ಒಲೆ, ದೀಪದ ಹತ್ತಿರ ಬೇಡವೇ ಬೇಡ.

ಏಣಿ ಹತ್ತಬೇಡಿ. ಟಾರ್ಚನ್ನು ಕೈಯಲ್ಲಿ ಹಿಡಿಯಬೇಡಿ. ನಾನು ಈ ಕೆಲಸಕ್ಕೆ ಹೊಸದಾಗಿ ಇಳಿದಾಗ ಎರಡನ್ನೂ ಮಾಡಿದ್ದೆ. ಹುಳ ನೇರ ಬೆಳಕಿಗೆ ಬಂತು, ಅಂದರೆ ನನ್ನ ಕೈಗೆ ಬಂತು. ಕಚ್ಚಿದ್ದು ಎರಡೇ, ಆದರೆ ಬೆಚ್ಚಿ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ನಿಮ್ಮಿಂದ ದೂರದಲ್ಲಿ ಎಲ್ಲಾದರೂ ಇಡಿ. ಕೆಂಪು ಬೆಳಕು ಅವುಗಳ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಏಣಿ ಇಲ್ಲದೆ ಎಟುಕದ ಗೂಡು ನಿಮ್ಮ ಕೆಲಸ ಅಲ್ಲ ಎಂದು ತಿಳಿದುಕೊಳ್ಳಿ.

ಪ್ರಶ್ನೆ: ಗೋಡೆಯ ಬಿರುಕಿನೊಳಗೆ ಕಣಜಗಳು ದಿನವಿಡೀ ಹೋಗಿ ಬರುತ್ತಿವೆ. ಗೂಡು ಕಾಣುತ್ತಿಲ್ಲ. ಸಿಮೆಂಟ್ ಮೆತ್ತಿ ಮುಚ್ಚಿಬಿಟ್ಟರೆ ಒಳಗೇ ಸಾಯುತ್ತವೆ ಅಲ್ವಾ?

ಸಾಯುವ ಮೊದಲು ಬೇರೆ ದಾರಿ ಹುಡುಕುತ್ತವೆ. ಮರ ಕೆರೆಯುವ ದವಡೆ ಅದು. ಸಿಮೆಂಟನ್ನು ಕೊರೆಯಲಾಗದಿದ್ದರೂ ಒಳಗಿನ ಪ್ಲೈವುಡ್ಡೋ ಜಿಪ್ಸಮ್ ಹಲಗೆಯೋ ಇದ್ದರೆ ಅದನ್ನು ತೂತು ಮಾಡಿಕೊಂಡು, ಸಿಟ್ಟಿನಲ್ಲಿ ನಿಮ್ಮ ಮಲಗುವ ಕೋಣೆಗೇ ಇಳಿಯಬಹುದು. ಇಂಥ ಕಡೆ ಬಿರುಕಿಗೆ ಪುಡಿ ರೂಪದ ಔಷಧಿ ಊದುತ್ತಾರೆ, ಹುಳಗಳೇ ಅದನ್ನು ಮೈಗೆ ಅಂಟಿಸಿಕೊಂಡು ಒಳಗೆ ಒಯ್ಯುತ್ತವೆ. ಇದು ಅನುಭವ ಇದ್ದವರ ಕೆಲಸ. ಗೂಡಿನ ಗಾತ್ರ ಕಾಣದೆ ಇರುವುದೇ ಇಲ್ಲಿ ಅಪಾಯ, ಕೆಲವು ಜಾತಿಗಳಲ್ಲಿ ಒಳಗೆ ಸಾವಿರಗಟ್ಟಲೆ ಇರಬಹುದು. ಓಡಾಟ ಪೂರ್ತಿ ನಿಂತ ಮೇಲೆ ಬಿರುಕು ಮುಚ್ಚಿ. ನೆಲದ ಬಿಲದಲ್ಲಿ ಗೂಡಿದ್ದರೂ ಇದೇ ಉತ್ತರ. ಪೆಟ್ರೋಲ್ ಸುರಿಯುವುದು ಬೇಡ, ಮಣ್ಣೂ ಹಾಳು, ಬೆಂಕಿ ಹತ್ತಿದರೆ ಮನೆಯೂ ಹಾಳು.

ಪ್ರಶ್ನೆ: ಕಿಟಕಿ ಚೌಕಟ್ಟಿಗೆ, ಸ್ವಿಚ್ ಬೋರ್ಡಿನ ಪಕ್ಕ ಮಣ್ಣಿನ ಉಂಡೆ ಮೆತ್ತಿದ ಹಾಗೆ ಗೂಡುಗಳಿವೆ. ಒಂಟಿ ಹುಳ ಬಂದು ಹೋಗುತ್ತದೆ. ಇದಕ್ಕೂ ಔಷಧಿ ಬೇಕಾ?

ಬೇಡ. ಇದು ಕುಂಬಾರ ಹುಳ, ಪಾಪದ್ದು. ಇದಕ್ಕೆ ಸೈನ್ಯ ಇಲ್ಲ, ಗೂಡು ಕಾಯುವುದೂ ಇಲ್ಲ. ತಾಯಿ ಒಬ್ಬಳೇ ಮಣ್ಣು ತಂದು ಕೋಣೆ ಕಟ್ಟಿ, ಜೇಡವನ್ನೋ ಕಂಬಳಿಹುಳವನ್ನೋ ಚುಚ್ಚಿ, ಸಾಯದಂತೆ ಬರೀ ಅಲುಗದಂತೆ ಮಾಡಿ, ಮರಿಯ ಊಟಕ್ಕೆ ಒಳಗಿಟ್ಟು, ಮೊಟ್ಟೆ ಇಟ್ಟು ಬಾಯಿ ಮುಚ್ಚಿ ಹೋಗುತ್ತಾಳೆ. ಕೈಯಲ್ಲಿ ಹಿಡಿದು ಒತ್ತಿದರೆ ಮಾತ್ರ ಚುಚ್ಚಬಹುದು. ಉಂಡೆಯಲ್ಲಿ ದುಂಡಗಿನ ತೂತು ಕಂಡರೆ ಮರಿ ಹಾರಿಹೋಗಿದೆ ಎಂದರ್ಥ, ಕೆರೆದು ಒರೆಸಿ.

ಆದರೆ ಪೈಪು, ಗೀಸರಿನ ಹೊಗೆ ಕೊಳವೆ, ಗ್ಯಾಸ್ ಉಪಕರಣದ ಗಾಳಿಕಂಡಿ ಇವುಗಳಲ್ಲಿ ಮೆತ್ತಿದ್ದರೆ ಕೂಡಲೇ ತೆಗೆಸಿ. ಸ್ವಲ್ಪ ಮಣ್ಣು ಏನು ಮಾಡೀತು ಅನ್ನಬೇಡಿ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್ ಬಳಿ ಬಿರ್ಗೆನ್ಏರ್ ಕಂಪನಿಯ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆ ಕಟ್ಟಿಕೊಂಡಿತ್ತು, ಕಟ್ಟಿದ್ದು ಇಂಥದ್ದೇ ಮಣ್ಣಿನ ಕಣಜ ಇರಬೇಕು ಎಂಬುದು ತನಿಖೆಯವರ ಅನುಮಾನ.

ಪ್ರಶ್ನೆ: ಕಣಜ ಕಚ್ಚಿದರೆ ವಿನಿಗರ್ ಹಚ್ಚಬೇಕು ಅಂತಾರೆ. ನಿಜವೇ? ಆಸ್ಪತ್ರೆಗೆ ಯಾವಾಗ ಹೋಗಬೇಕು?

ವಿನಿಗರ್ ಹುಡುಕುತ್ತಾ ಕೂರಬೇಡಿ, ವಿಷ ಚರ್ಮದ ಒಳಗೆ ಹೋಗಿರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ. ಮೊದಲು ಆ ಜಾಗ ಬಿಟ್ಟು ದೂರ ಹೋಗಿ. ಜೇನಿನ ಹಾಗೆ ಕಣಜದ ಕೊಂಡಿ ಕಿತ್ತು ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಗೂಡಿನ ಹತ್ತಿರ ಒಂದನ್ನು ಹೊಸಕಿದರೆ ಆ ವಾಸನೆಗೆ ಉಳಿದವೂ ಎದ್ದು ಬರುತ್ತವೆ. ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಕೈಗೆ ಕಚ್ಚಿದ್ದರೆ ಉಂಗುರ, ಬಳೆ ತಕ್ಷಣ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಒಂದೆರಡು ದಿನ ಊತ ಜಾಸ್ತಿ ಆಗುವುದು ಸಹಜ.

ಆದರೆ ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ದದ್ದು, ತುಟಿ ನಾಲಿಗೆ ಊದುವುದು, ಉಸಿರಿಗೆ ಕಷ್ಟ, ತಲೆ ತಿರುಗಿ ಬೀಳುವ ಹಾಗಾಗುವುದು, ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಒಂದು ನಿಮಿಷ ಕಾಯಬೇಡಿ. ಆಂಬುಲೆನ್ಸ್ ಕರೆಯಿರಿ, ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರು ಕಷ್ಟ ಇದ್ದರೆ ಕೂರಿಸಿ. ವೈದ್ಯರು ಮೊದಲೇ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಕೊಟ್ಟಿದ್ದರೆ ಆಗಲೇ ಕೊಡಿ. ಅಲರ್ಜಿ ಮಾತ್ರೆ ಅದರ ಬದಲಿಗೆ ಆಗುವುದಿಲ್ಲ. ಬಾಯಿ, ಗಂಟಲಿಗೆ ಕಚ್ಚಿದ್ದರೂ ನೇರ ಆಸ್ಪತ್ರೆಗೆ. ತುಂಬಾ ಹುಳ ಒಟ್ಟಿಗೆ ಕಚ್ಚಿದ್ದರೆ ಅಲರ್ಜಿ ಇಲ್ಲದಿದ್ದರೂ ಹೋಗಲೇಬೇಕು, ಅಷ್ಟು ವಿಷ ಸ್ನಾಯುವನ್ನೂ ಮೂತ್ರಪಿಂಡವನ್ನೂ ಕೆಡಿಸಬಹುದು. ಒಮ್ಮೆ ಹೀಗೆ ಜೋರು ಅಲರ್ಜಿ ಆದವರು ಅಲರ್ಜಿ ತಜ್ಞರನ್ನು ಕಂಡು ವಿಷದ ಇಮ್ಯುನೋಥೆರಪಿ (ಅದೇ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮೈಯನ್ನು ಒಗ್ಗಿಸುವುದು) ಬಗ್ಗೆ ಕೇಳಿ, ಅದು ನಿಜಕ್ಕೂ ಕೆಲಸ ಮಾಡುವ ಚಿಕಿತ್ಸೆ.

ಪ್ರಶ್ನೆ: ಪ್ರತಿ ವರ್ಷ ಅದೇ ಸಜ್ಜದ ಕೆಳಗೆ ಕಟ್ಟುತ್ತವೆ. ಕಂದು ಕಾಗದದ ಚೀಲ ಊದಿ ನೇತುಹಾಕಿದರೆ, ಬೇರೆ ಗೂಡಿದೆ ಅಂದುಕೊಂಡು ಬರುವುದಿಲ್ಲವಂತೆ, ಹೌದಾ?

ನಾನಂತೂ ಚೀಲವನ್ನು ನಂಬಿ ಕೂರುವುದಿಲ್ಲ. ಅದರ ಪಕ್ಕದಲ್ಲೇ ಗೂಡು ಕಟ್ಟಿದ್ದನ್ನು ನೋಡಿದ್ದೇನೆ. ಹಳೇ ಗೂಡಿಗೇ ವಾಪಸ್ ಬರುವುದು ಕಡಿಮೆ. ಆದರೆ ಮಳೆ ತಾಗದ, ಬೆಚ್ಚಗಿನ ಮೂಲೆ ಹೊಸ ರಾಣಿಗೂ ಇಷ್ಟ ಆಗುತ್ತದೆ, ಅಷ್ಟೇ. ಹಳೇ ತೊಟ್ಟನ್ನು ಕೆರೆದು ಸೋಪು ನೀರಲ್ಲಿ ಉಜ್ಜಿ, ಸಂದುಗಳನ್ನು ಮುಚ್ಚಿ, ಗಾಳಿಕಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಕಸದ ಡಬ್ಬಿಗೆ ಮುಚ್ಚಳ ಇರಲಿ, ಬಿದ್ದ ಹಣ್ಣು ಅಲ್ಲೇ ಕೊಳೆಯದಿರಲಿ.

ಎಲ್ಲಕ್ಕಿಂತ ಉಪಯೋಗದ್ದು, ಗೂಡು ಕಟ್ಟುವ ಕಾಲ ಶುರುವಾದಾಗ ವಾರಕ್ಕೊಮ್ಮೆ ಸಜ್ಜದ ಕೆಳಗೆ ಕಣ್ಣಾಡಿಸುವುದು. ಆಗ ಗೂಡು ನಾಣ್ಯದಷ್ಟು ಇರುತ್ತದೆ, ಹೆಚ್ಚಾಗಿ ರಾಣಿ ಒಂದೇ ಇರುತ್ತದೆ. ಅದು ಆಹಾರಕ್ಕೆ ಹೋದ ಹೊತ್ತು ನೋಡಿ ಉದ್ದ ಕೋಲಿನಿಂದ ಕೆಡವಿದರೆ ಮುಗಿಯಿತು. ಒಂದೆರಡು ಹುಳ ಇದ್ದರೂ, ಚೆನ್ನಾಗಿ ನೊರೆ ಬರುವಷ್ಟು ಪಾತ್ರೆ ತೊಳೆಯುವ ಸೋಪು ಕಲಸಿದ ನೀರನ್ನು ದೂರದಿಂದ ಚಿಮ್ಮಿಸಿದರೆ ಸಾಕು. ಬರೀ ನೀರು ಅವುಗಳ ಮೈಮೇಲಿಂದ ಜಾರಿಹೋಗುತ್ತದೆ, ಸೋಪು ನೀರು ಉಸಿರಾಡುವ ತೂತುಗಳೊಳಗೆ ಇಳಿಯುತ್ತದೆ. ಕೆಡವಿದ ಮೇಲೆ ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಿ, ರಾಣಿ ಹಟ ಹಿಡಿದು ಅಲ್ಲೇ ಮತ್ತೆ ಶುರು ಮಾಡುವುದು ಉಂಟು.