ದೆವ್ವಕ್ಕೂ ಕಟ್ಟುಪಾಡು ಬೇಕು

ಮೇಡಂ, ನಮಸ್ಕಾರ.

ದಾವಣಗೆರೆಯಿಂದ ನೀವು ಬರೆದ ಪತ್ರ ಓದಿ ಖುಷಿಯಾಯಿತು. ಸಂಜೆ ಅತ್ತೆಯವರ ಜೊತೆ ಕೂತು ಕನ್ನಡ ಧಾರಾವಾಹಿ ನೋಡುತ್ತೀರಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಅಮೆರಿಕದ ‘ಸೂಪರ್‌ನ್ಯಾಚುರಲ್’, ‘ದಿ ವ್ಯಾಂಪೈರ್ ಡೈರೀಸ್’. ಅಲ್ಲಿನ ದೆವ್ವವನ್ನು ನಂಬಬಹುದು, ಇಲ್ಲಿನದನ್ನು ನಂಬೋಕಾಗಲ್ಲ ಅನ್ನುವುದು ನಿಮ್ಮ ದೂರು. ಸಂಸಾರದ ಕಥೆ ಚೆನ್ನಾಗಿ ಹೋಗುತ್ತಿರುವಾಗ ನಡುವೆ ಹಾವು, ಆತ್ಮ, ಮಾಟ ಅಂತ ತಂದು ಕೆಡಿಸುತ್ತಾರೆ, ಇಂಥವನ್ನೆಲ್ಲ ನಿಲ್ಲಿಸಿಬಿಡಬೇಕು ಅಂತಲೂ ಬರೆದಿದ್ದೀರಿ. ಕೊನೆಗೆ ಒಂದು ಪ್ರಶ್ನೆ: ‘ಸೂಪರ್‌ನ್ಯಾಚುರಲ್’ ಏಳನೇ ಸೀಸನ್ ಮುಗಿಯಿತು, ಮುಂದೆ ನೋಡಲಾ, ಬಿಡಲಾ?

ನಿಮ್ಮ ಬೇಸರ ನನಗೂ ಇದೆ. ಆದರೆ ದೆವ್ವ ಬಂದಿದ್ದಕ್ಕೆ ಕಥೆ ಕೆಟ್ಟಿತು ಅಂತ ನನಗೆ ಅನ್ನಿಸುವುದಿಲ್ಲ. ಬಂದ ದೆವ್ವಕ್ಕೆ ಕಟ್ಟುಪಾಡೇ ಇಲ್ಲ, ತೊಂದರೆ ಇರುವುದು ಅಲ್ಲಿ.

ನೀವೇ ನೋಡಿದ್ದೀರಲ್ಲ, ‘ಸೂಪರ್‌ನ್ಯಾಚುರಲ್’ನಲ್ಲಿ ದೆವ್ವಗಳ ಬೇಟೆಗೆ ಹೊರಡುವ ಸ್ಯಾಮ್ ಮತ್ತು ಡೀನ್ ಅಣ್ಣತಮ್ಮಂದಿರ ಕೈಯಲ್ಲಿ ಏನಿರುತ್ತದೆ? ಉಪ್ಪು, ಕಬ್ಬಿಣ. ಬಾಗಿಲಿಗೆ ಉಪ್ಪಿನ ಗೆರೆ ಎಳೆದರೆ ಪ್ರೇತ ದಾಟುವುದಿಲ್ಲ. ಕಬ್ಬಿಣ ತಗುಲಿದರೆ ಸ್ವಲ್ಪ ಹೊತ್ತು ಮಾಯ. ಪೂರ್ತಿ ಹೋಗಬೇಕಾದರೆ ಹೂತ ಎಲುಬು ಹುಡುಕಿ ಉಪ್ಪು ಹಾಕಿ ಸುಡಬೇಕು. ಇಷ್ಟು ಗೊತ್ತಾದ ಮೇಲೆ ಗಾಳಿಗೆ ಆ ಉಪ್ಪಿನ ಗೆರೆ ಒಂಚೂರು ಚದುರಿದರೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಯಾಕೆಂದರೆ ಮುಂದೆ ಏನಾಗುತ್ತದೆ ಅನ್ನುವುದು ನಮಗೂ ಗೊತ್ತು. ಅತ್ತ ‘ವ್ಯಾಂಪೈರ್ ಡೈರೀಸ್’ನಲ್ಲಿ ರಕ್ತಪಿಶಾಚಿಗಳು ಮನೆಯವರು ಒಳಗೆ ಬಾ ಅನ್ನದೆ ಹೊಸ್ತಿಲು ದಾಟುವ ಹಾಗಿಲ್ಲ. ಹಾಗಾಗಿ ಬಾಗಿಲಲ್ಲಿ ನಿಂತು ಮಾತಾಡುವ ಒಂದು ಸಾದಾ ದೃಶ್ಯಕ್ಕೂ ಅಲ್ಲಿ ಭಯ ಇದೆ.

ಇದು ಅವರಿಗೆ ಮಾತ್ರ ಗೊತ್ತಿರುವ ವಿದ್ಯೆ ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ಬೆಂಗಳೂರಿನ ಕಡೆ ಮನೆ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು, ಮರುದಿನ ಬಂದರೂ ಅದೇ ಬರಹ. ಎಂಥ ಗಟ್ಟಿ ಕಟ್ಟುಪಾಡು! ಗಿರೀಶ ಕಾರ್ನಾಡರು ಜನಪದ ಕಥೆಯಿಂದ ಕಟ್ಟಿದ ‘ನಾಗಮಂಡಲ’ ನಾಟಕವೂ ಹಾಗೇ. ರಾಣಿ ಅನ್ನುವ ಹೆಂಗಸಿನ ಹತ್ತಿರ ನಾಗ ಅವಳ ಗಂಡನ ರೂಪದಲ್ಲಿ ಬರುವುದು ರಾತ್ರಿ ಹೊತ್ತು. ಕೊನೆಗೆ ರಾಣಿ ಊರಿನವರ ಎದುರು ಹುತ್ತಕ್ಕೆ ಕೈ ಹಾಕಿ, ಗಂಡನನ್ನೂ ಈ ನಾಗರಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಅಂತ ಆಣೆ ಮಾಡುತ್ತಾಳೆ. ಸುಳ್ಳು ಹೇಳಿದರೆ ಹಾವು ಕಚ್ಚುತ್ತದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಅದು ಹೇಗೆ ನಿಜ ಅಂತ ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಹಾವಿನ ಕಥೆಯಲ್ಲಿ ಇದಕ್ಕಿಂತ ದೊಡ್ಡ ಸಂಸಾರದ ದೃಶ್ಯ ಬೇಕಾ?

ಹೀಗಿರುವಾಗ ನಮ್ಮ ಧಾರಾವಾಹಿಗಳು ಯಾಕೆ ಎಡವುತ್ತವೆ? ಬರೆಯುವವರಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಲಾರೆ. ಲೆಕ್ಕ ನೋಡಿ. ‘ಸೂಪರ್‌ನ್ಯಾಚುರಲ್’ 2005ರಿಂದ 2020ರವರೆಗೆ 15 ಸೀಸನ್ ನಡೆದು ಒಟ್ಟು 327 ಕಂತು ಆಯಿತು. ನಮ್ಮಲ್ಲಿ ವಾರಕ್ಕೆ ಐದು ದಿನ ಅಂದರೂ ವರ್ಷಕ್ಕೆ 260 ಕಂತು. ಅವರು 15 ವರ್ಷದಲ್ಲಿ ಹೇಳಿದ್ದನ್ನು ಇಲ್ಲಿ ಒಂದೂಕಾಲು ವರ್ಷದಲ್ಲಿ ತುಂಬಿಸಬೇಕು. ಅದರ ಮೇಲೆ ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ನಂಬರ್ ಇಳಿದರೆ ಕಥೆ ತಿರುಗಿಸು ಅನ್ನುವ ಒತ್ತಡ. 2015ರಲ್ಲಿ ಹಿಂದಿಯ ‘ನಾಗಿನ್’ ಗೆದ್ದಿತು, 2016ರಲ್ಲಿ ಜೀ ಕನ್ನಡದಲ್ಲಿ ‘ನಾಗಿಣಿ’ ಬಂತು. ಅವು ಮೊದಲ ದಿನದಿಂದಲೇ ಹಾವಿನ ಕಥೆಗಳು, ನೋಡುವವರಿಗೂ ಅದು ಗೊತ್ತಿತ್ತು. ನನಗೆ ಸಿಟ್ಟು ಬರುವುದು ಅತ್ತೆ ಸೊಸೆ ಕಥೆಗೆ ಅರ್ಧ ದಾರಿಯಲ್ಲಿ ಆತ್ಮ ಅಂಟಿಸಿದಾಗ. ನಿನ್ನೆ ಗೋಡೆ ತೂರಿ ಬಂದ ಆತ್ಮ ಇವತ್ತು ಬಾಗಿಲಿಗೆ ಚಿಲಕ ಹಾಕಿದರೆ ಹೊರಗೇ ನಿಲ್ಲುತ್ತದೆ. ಆಮೇಲೆ ಯಾವುದಕ್ಕೆ ಹೆದರಬೇಕು?

ನಿಲ್ಲಿಸಿಬಿಡಬೇಕು ಅನ್ನುವ ಮಾತಿಗೆ ಬರುತ್ತೇನೆ. ಮೂಢನಂಬಿಕೆಗೆ ಪ್ರೋತ್ಸಾಹ ಕೊಡುವ ಕಾರ್ಯಕ್ರಮ ಕೂಡದು ಅಂತ 1994ರ ಕೇಬಲ್ ಟಿವಿ ನಿಯಮಗಳಲ್ಲೇ ಇದೆ. ಆದರೆ ನಾಗಿಣಿಯನ್ನು ಕಥೆ ಅಂತಲೇ ಜನ ನೋಡುತ್ತಾರೆ, ನಿಮ್ಮ ಅತ್ತೆಯವರೂ ಹಾಗೇ ನೋಡುತ್ತಿರಬೇಕು, ಅಲ್ವಾ? ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರುವುದು ಹಾವು ದೆವ್ವ ಏನೂ ಇಲ್ಲದ ಸಾಮಾನ್ಯ ಸಂಸಾರದ ಕಥೆಯಲ್ಲಿ, ಮಗುವಿಗೆ ಜ್ವರ ಬಂದರೆ ಡಾಕ್ಟರ್ ಬಿಟ್ಟು ಮಂತ್ರವಾದಿಯನ್ನು ಕರೆಸಿ, ಅವನಿಂದಲೇ ವಾಸಿಯಾಯಿತು ಅಂತ ತೋರಿಸುವ ದೃಶ್ಯದ ಬಗ್ಗೆ. ಅದು ನಮ್ಮ ನಿಮ್ಮ ಮನೆಯಲ್ಲಿ ನಡೆಯುವ ಮಾತಿನ ಹಾಗೇ ಇರುತ್ತದೆ, ಹಾಗಾಗಿ ಸೀದಾ ಮನಸ್ಸಿಗೆ ಇಳಿಯುತ್ತದೆ.

ಇನ್ನೊಂದು. ಸಂಸಾರದ ಧಾರಾವಾಹಿ ಅಂದ ಮಾತ್ರಕ್ಕೆ ನಂಬುವ ಹಾಗಿರುತ್ತದೆ ಅಂತೇನಿಲ್ಲ. ಸತ್ತವರು ವಾಪಸ್ ಬರುವುದು, ಏಟು ಬಿದ್ದು ನೆನಪು ಹೋಗುವುದು, ಅದೇ ಮುಖದ ಇನ್ನೊಬ್ಬಳು ಬರುವುದು, ಇವೆಲ್ಲ ಕಟ್ಟುಪಾಡು ಮುರಿದ ದೆವ್ವಗಳೇ. ಟಿ.ಎನ್. ಸೀತಾರಾಂ ಅವರ ‘ಮುಕ್ತ’ ನೆನಪಿದೆಯಾ? ಅದರ ಕೋರ್ಟ್ ದೃಶ್ಯಗಳಿಗೆ ಜನ ಕಾದು ಕೂರುತ್ತಿದ್ದರು. ಒಬ್ಬ ವಕೀಲ, ಒಬ್ಬ ಸಾಕ್ಷಿ, ಬರೀ ಮಾತು. ಸಾಕ್ಷಿ ಇಲ್ಲದೆ ಕೋರ್ಟಿನಲ್ಲಿ ಯಾರನ್ನೂ ಗೆಲ್ಲಿಸುವ ಹಾಗಿಲ್ಲ. ಅಲ್ಲಿ ಕಾನೂನೇ ಉಪ್ಪಿನ ಗೆರೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ‘ಸೂಪರ್‌ನ್ಯಾಚುರಲ್’ ಹುಟ್ಟುಹಾಕಿದ ಎರಿಕ್ ಕ್ರಿಪ್ಕೆ ಐದು ಸೀಸನ್ನಿಗೆ ಆಗುವಷ್ಟು ಕಥೆ ಯೋಚಿಸಿದ್ದರು. ಐದು ಮುಗಿದ ಮೇಲೆ ಅದನ್ನು ನಡೆಸುವ ಹೊಣೆಯನ್ನು ಬೇರೆಯವರಿಗೆ ಬಿಟ್ಟರು. ಅಣ್ಣತಮ್ಮಂದಿರು ಸಾಯುವುದು, ಎದ್ದು ಬರುವುದು ರೂಢಿಯಾಗಿ ಸಾವಿಗೆ ಬೆಲೆ ಇಲ್ಲದ ಹಾಗಾಯಿತು. ಆರನೇ ಸೀಸನ್ನಿನಿಂದ ನಿಮಗೆ ಬೇಸರ ಶುರುವಾಯಿತು ಅಂತ ಬರೆದಿದ್ದೀರಿ, ಅದು ಸರಿಯಾಗೇ ಇದೆ. ಉಳಿದಿದ್ದನ್ನು ಸಾಲಾಗಿ ನೋಡಲೇಬೇಕು ಅಂತೇನಿಲ್ಲ. 11ನೇ ಸೀಸನ್ನಿನ ನಾಲ್ಕನೇ ಕಂತು ‘ಬೇಬಿ’ ಮಾತ್ರ ಬಿಡಬೇಡಿ. ಇಡೀ ಕಂತು ಅವರ ಹಳೇ ಕಾರಿನ ಕಣ್ಣಿಂದಲೇ ನಡೆಯುತ್ತದೆ. ಕಾರಿಗೆ ಕಾಣದ್ದು ನಮಗೂ ಕಾಣಿಸುವುದಿಲ್ಲ. ನೋಡಿದ ಮೇಲೆ ಹೇಗನ್ನಿಸಿತು ಅಂತ ಬರೆಯಿರಿ.

ಸಂಪಾದಕ