ನಾದಿನಿಗೆ ಒಗ್ಗಿದ ಆಪರೇಷನ್ ನನಗೂ ಒಗ್ಗುತ್ತಾ?

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಲತಾ ಅವರಿಗೆ 41 ವರ್ಷ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 38. ಆರು ವರ್ಷದಿಂದ ಸಕ್ಕರೆ ಕಾಯಿಲೆ. ತೂಕ ಇಳಿಸುವ ಆಪರೇಷನ್‌ಗೆ ಮುಂಚೆ ಆಪ್ತಸಲಹೆ ಆಗಲಿ ಎಂದು ಸರ್ಜನ್ ಕಳಿಸಿದ್ದರು. ಕೂತವರೇ ಹೇಳಿಬಿಟ್ಟರು: "ಮೇಡಂ, ಸ್ಲೀವ್ ಅಂತ ತೀರ್ಮಾನ ಮಾಡಿ ಆಗಿದೆ. ನೀವು ಸಹಿ ಹಾಕಿಕೊಟ್ಟರೆ ಸಾಕು."

ಸ್ಲೀವ್ ಅಂದರೆ ಹೊಟ್ಟೆಯ ಚೀಲವನ್ನು (ಜಠರ) ಕಿರಿದು ಮಾಡುವ ಆಪರೇಷನ್. ಅದೇ ಯಾಕೆ ಎಂದೆ. ನಾದಿನಿ ಅದನ್ನೇ ಮಾಡಿಸಿಕೊಂಡು ಗುರುತು ಸಿಗದಷ್ಟು ಇಳಿದಿದ್ದಾರಂತೆ. ತೂಕ ಇಳಿಸಲು ಮಾಡುವ ಇನ್ನೊಂದು ಆಪರೇಷನ್ ಬೈಪಾಸ್, ಅದು ಯಾಕೆ ಬೇಡ? "ಕರುಳಿಗೆಲ್ಲ ಕೈ ಹಾಕ್ತಾರಲ್ಲ, ಭಯ ಆಗುತ್ತೆ."

ಆ ಭಯ ಸಹಜ. ಆದರೆ ಸ್ಲೀವ್ ಕೂಡ ಸಣ್ಣ ಕೆಲಸವಲ್ಲ. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ತೆಗೆದದ್ದು ಮತ್ತೆ ಬರುವುದಿಲ್ಲ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಹೊಟ್ಟೆಯ ಮೇಲ್ಭಾಗಕ್ಕೆ ಪಟ್ಟಿಯಂತೆ ಬಿಗಿಯುವ ಬ್ಯಾಂಡ್ ಬಗ್ಗೆಯೂ ಕೇಳಿದರು. ಈಗ ಅದನ್ನು ಹಾಕುವುದು ತೀರಾ ಕಡಿಮೆ, ಹಾಕಿದ್ದನ್ನು ತೆಗೆಸಿಕೊಂಡವರು ಬಹಳ.

ಇಷ್ಟು ಮಾತಾಡುವಷ್ಟರಲ್ಲಿ ಅವರು ಬ್ಯಾಗಿನಿಂದ ಒಂದು ಸ್ಟ್ರಿಪ್ ತೆಗೆದು ಮಾತ್ರೆ ಚೀಪತೊಡಗಿದರು. ಅರ್ಧ ಖಾಲಿಯಾದ ಆಂಟಾಸಿಡ್ ಸ್ಟ್ರಿಪ್. "ಅಯ್ಯೋ ಅದು ಸುಮ್ನೆ ಗ್ಯಾಸ್ಟ್ರಿಕ್" ಎಂದರು. ರಾತ್ರಿ ಹೇಗೆ ಎಂದು ಕೇಳಿದೆ. ಎರಡು ದಿಂಬಿಲ್ಲದೆ ಮಲಗಲು ಆಗುವುದಿಲ್ಲ, ಹುಳಿ ಗಂಟಲಿಗೆ ಬಂದು ಎಚ್ಚರವಾಗುತ್ತದೆ. ಸರ್ಜನ್‌ಗೆ ಹೇಳಿದಿರಾ? ಇಲ್ಲ. ಅವರು ಕೇಳಿದ್ದು ಸಕ್ಕರೆ, ಬಿಪಿ. ಇದೂ ಹೇಳುವ ವಿಷಯ ಎಂದು ಲತಾಗೆ ಅನಿಸಿರಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು ಆ ಸ್ಟ್ರಿಪ್ಪೇ. ಸ್ಲೀವ್ ಆದ ಮೇಲೆ ಎದೆಯುರಿ ಹೊಸದಾಗಿ ಶುರುವಾಗಬಹುದು, ಮೊದಲೇ ಇದ್ದರೆ ಜಾಸ್ತಿಯಾಗಬಹುದು. ಸ್ವಿಟ್ಜರ್ಲೆಂಡ್‌ನಲ್ಲಿ ಎರಡನ್ನೂ ಹೋಲಿಸಿದ ಒಂದು ಅಧ್ಯಯನದ 5 ವರ್ಷದ ಫಲಿತಾಂಶ 2018ರಲ್ಲಿ ಬಂತು. ತೂಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ಆಮ್ಲದ ತೊಂದರೆ ಹೆಚ್ಚಾದದ್ದು ಸ್ಲೀವ್‌ನವರಲ್ಲಿ ಸುಮಾರು 32%, ಬೈಪಾಸ್‌ನವರಲ್ಲಿ ಸುಮಾರು 6%. ಎಲ್ಲರೂ ಎಷ್ಟು ಕಿಲೋ ಅಂತಲೇ ಕೇಳುತ್ತಾರೆ. ಆಮೇಲೆ ನಿದ್ದೆ ಹೇಗೆ ಬರುತ್ತೆ ಅಂತ ಯಾರೂ ಕೇಳುವುದಿಲ್ಲ.

ಹಾಗಾದರೆ ಬೈಪಾಸ್ ಅಂತ ಮುಗಿಸಬಹುದಿತ್ತು. ಸಕ್ಕರೆ ಕಾಯಿಲೆ ಇರುವವರಿಗೂ ಅದರತ್ತಲೇ ಒಲವು ಜಾಸ್ತಿ. ಆದರೆ ಲತಾಗೆ ಮಂಡಿ ನೋವು ಬೇರೆ ಇತ್ತು, ಅದಕ್ಕೆ ದಿನಾ ಡೈಕ್ಲೋಫೆನಾಕ್. ಬೈಪಾಸ್ ಆದವರು ಈ ಜಾತಿಯ ನೋವಿನ ಮಾತ್ರೆಗಳಿಂದ ದೂರ ಇರಬೇಕು. ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ಗಂಟಲು ಒಂದು ಕಡೆ ಎಳೆದರೆ ಮಂಡಿ ಇನ್ನೊಂದು ಕಡೆ ಎಳೆಯುತ್ತಿತ್ತು.

ಇನ್ನೊಂದು ವಿಷಯ ಎರಡನೇ ಭೇಟಿಯಲ್ಲಿ ಹೊರಬಂತು. ಮನೆಯವರೆಲ್ಲ ಮಲಗಿದ ಮೇಲೆ, ಲೈಟ್ ಹಾಕದೆ, ನಿಂತುಕೊಂಡೇ ಸಿಹಿ ತಿನ್ನುವ ಅಭ್ಯಾಸ. ಹಸಿವಿಗಲ್ಲ. "ಆ ಹೊತ್ತು ಮಾತ್ರ ನನ್ನದು ಅನಿಸುತ್ತೆ ಮೇಡಂ." ಬೈಪಾಸ್ ಆದವರು ಸಿಹಿ ತಿಂದರೆ ಬೆವರು, ಎದೆ ಬಡಿತ, ಭೇದಿ ಬರಬಹುದು, ಡಂಪಿಂಗ್ ಅನ್ನುತ್ತಾರೆ. ಅದರ ಹೆದರಿಕೆಯಿಂದಲೇ ಚಟ ಬಿಡುತ್ತದೆ ಎಂದು ಲತಾ ಲೆಕ್ಕ ಹಾಕಿದ್ದರು. ಆ ಲೆಕ್ಕ ನನಗೆ ಹಿಡಿಸಲಿಲ್ಲ. ಡಂಪಿಂಗ್ ಎಲ್ಲರಿಗೂ ಆಗುವುದಿಲ್ಲ. ಅದೂ ಅಲ್ಲದೆ, ಬಾಯಲ್ಲಿ ಕರಗುವ ತಿಂಡಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತಾ ಹೋಗುವುದನ್ನು ಯಾವ ಆಪರೇಷನ್ನೂ ತಡೆಯುವುದಿಲ್ಲ.

ಯಾವುದು ಮಾಡಿಸಬೇಕೆಂದು ನಾನು ಹೇಳಲಿಲ್ಲ, ಅದು ಸರ್ಜನ್ ಜೊತೆ ಕೂತು ಮಾಡುವ ತೀರ್ಮಾನ. ನಾನು ಹೇಳಿದ್ದು ಇದು. ಎದೆಯುರಿ ವಿಷಯ ಮುಚ್ಚಿಡದೆ ಹೇಳಿ, ಎಂಡೋಸ್ಕೋಪಿ ಬೇಕಾ ಕೇಳಿ. ಮಂಡಿಗೆ ಬೇರೆ ದಾರಿ ಇದೆಯಾ ಎಂದು ಮೂಳೆ ಡಾಕ್ಟರನ್ನು ಮೊದಲೇ ವಿಚಾರಿಸಿ. ಮನೆಯವರ ಹತ್ತಿರ ಸಂಜೆ ಒಂದು ಗಂಟೆ ಕೇಳಿ ಪಡೆಯಿರಿ, ಕದ್ದು ಪಡೆಯುವ ಹಾಗಾಗಬಾರದು. ಆಮೇಲೆ ವಿಟಮಿನ್. ಎರಡರಲ್ಲೂ ಜೀವನಪೂರ್ತಿ ಬೇಕು. ಬೈಪಾಸ್‌ನಲ್ಲಿ ಬಿ12, ಕಬ್ಬಿಣ, ಕ್ಯಾಲ್ಸಿಯಂ ಬಿಟ್ಟರೆ ಕಷ್ಟ ಹೆಚ್ಚು. ಸಕ್ಕರೆ ಮಾತ್ರೆಯನ್ನೇ ಭಾನುವಾರ ಮರೆಯುತ್ತೇನೆ ಎಂದವರು ಅವರು. ಹಾಗಾಗಿ ಒಂದು ತಿಂಗಳು ಬಿಡದೆ ಮಾತ್ರೆ ತೆಗೆದುಕೊಂಡು ತೋರಿಸಿ ಎಂದೆ. ನಾದಿನಿಯನ್ನೂ ಇನ್ನೊಮ್ಮೆ ಮಾತಾಡಿಸಿ ಎಂದಿದ್ದೆ.

ಮುಂದಿನ ಸಲ ಬಂದಾಗ ನಗುತ್ತಿದ್ದರು. ನಾದಿನಿಯೂ ಆಪರೇಷನ್ ಆದಾಗಿನಿಂದ ದಿನಾ ಆಸಿಡಿಟಿ ಮಾತ್ರೆ ನುಂಗುತ್ತಿದ್ದಾರಂತೆ, ಯಾರೂ ಕೇಳಿರಲಿಲ್ಲ ಅಷ್ಟೆ. ಎಂಡೋಸ್ಕೋಪಿಯಲ್ಲಿ ಲತಾ ಅವರ ಅನ್ನನಾಳ ಸವೆದಿರುವುದು, ಜೊತೆಗೆ ಸಣ್ಣ ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ತುದಿ ಎದೆಯತ್ತ ಜಾರಿರುವುದು) ಕಂಡಿತ್ತು. ಸರ್ಜನ್ ಬೈಪಾಸ್ ಸೂಚಿಸಿದರು. ಮಂಡಿಗೆ ಈಗ ಪ್ಯಾರಸಿಟಮಾಲ್, ಫಿಸಿಯೋಥೆರಪಿ. ಅದರಲ್ಲಿ ನೋವು ತಡೆಯಲು ಆಗುತ್ತದೆಯೇ ಎಂದು ನೋಡಿಕೊಂಡೇ ಆಪರೇಷನ್ ದಿನ ಗೊತ್ತುಮಾಡುವುದು ಎಂದಾಗಿದೆ. ರಾತ್ರಿಯ ಸಿಹಿ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಮುಂದಿನ ಭೇಟಿಗೆ ಗಂಡನನ್ನೂ ಕರೆತರಲು ಹೇಳಿದ್ದೇನೆ.